ನಂಗೆ ಕೊಡಿ

ನಮ್ಮ ಹೆಡ್‌ಮಾಸ್ಟರರ ಪ್ರಕಾರ ಬ್ಯಾಸ್ಕೆಟ್‌ಬಾಲ್ ಕಲಿಸುವುದೆಂದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕೈಯಲ್ಲೂ ಚೆಂಡು ಪುಟಿಸಿ, ಬೆಲ್ ಹೊಡೆದ ಮೇಲೆ ಕಳಿಸಿಬಿಡುವುದು. ಕ್ಲಾಸಿಗೆಲ್ಲ ಇರುವುದು ಒಂದೇ ಚೆಂಡು. ಸರದಿ ಬರುವಷ್ಟರಲ್ಲಿ ಹುಡುಗರಿಗೆ ಗಡ್ಡ ಬಂದಿರುತ್ತದೆ. ನಾನು ಆ ಶಾಲೆಯ ಪಿ.ಟಿ. ಟೀಚರ್, ಆಟ ಆಡಿಸಿಯೇ ಆಟ ಕಲಿಸುವವಳು. ಸಾಲುಗೀಲು ನನಗೆ ಆಗಿಬರುವುದಿಲ್ಲ.

ನನ್ನ ಆಟಕ್ಕೆ ಎರಡೇ ನಿಯಮ. ಚೆಂಡು ಬೇಕಾದವರು "ನಂಗೆ ಕೊಡು" ಎಂದು ಬಾಯಿಬಿಟ್ಟು ಕೇಳಬೇಕು. ಚೆಂಡು ಹಿಡಿದುಕೊಂಡು ಸತಾಯಿಸಿದರೆ ಉಳಿದವರು ಐದರವರೆಗೆ ಎಣಿಸುತ್ತಾರೆ, ಅಷ್ಟರಲ್ಲಿ ಕೊಡದವರು ಔಟ್. ಗದ್ದಲವೋ ಗದ್ದಲ. ಪಿಸುಪಿಸು ಅಂತ ಎಲ್ಲರೂ ಕರೆಯುವ ಹುಡುಗಿ ಮಾತ್ರ ಗೋಡೆಗೆ ಅಂಟಿಕೊಂಡು ನಿಂತಿರುತ್ತಿದ್ದಳು. ಹಾಜರಿ ಕರೆದಾಗಲೂ ತುಟಿ ಅಲ್ಲಾಡಿಸುವುದಷ್ಟೇ, ಆ ಅಡ್ಡಹೆಸರು ಬಂದದ್ದೇ ಅದರಿಂದ. ಅವಳು ಕೇಳಲಿಲ್ಲ, ಚೆಂಡು ಸಿಗಲಿಲ್ಲ. ನೋಡಿ ನನಗೆ ಪಾಪ ಅನ್ನಿಸುತ್ತಿತ್ತು. ಆದರೂ ನಿಯಮ ಸಡಿಲಿಸಲಿಲ್ಲ. ಗೇಟಿನ ಹತ್ತಿರ ಅವಳು ತಮ್ಮನನ್ನು ಗದರುವುದನ್ನು ಕಿವಿಯಾರೆ ಕೇಳಿದ್ದೆ. ದನಿಗೇನೂ ಬರವಿರಲಿಲ್ಲ.

ಅವತ್ತು ಹೆಡ್‌ಮಾಸ್ಟರ್ ಆಟದ ಹಾಲ್‌ಗೇ ನುಗ್ಗಿ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡರು.

"ಪಕ್ಕದಲ್ಲಿ ಗಣಿತ ನಡೀತಿದೆ ಮೇಡಂ. ಇದೇನು ಮೀನು ಮಾರ್ಕೆಟ್ಟಾ?"

"ಆಟ ಸಾರ್."

"ಸಾಲಾಗಿ ನಿಲ್ಲಿಸಿ, ಸದ್ದಿಲ್ದೆ ಕಲಿಸಿ. ಇಲ್ಲಾಂದ್ರೆ ಈ ಪೀರಿಯಡ್ಡು ಗಣಿತಕ್ಕೆ ಹೋಗುತ್ತೆ."

"ಸದ್ದಿಲ್ದೆ ನಿಲ್ಲೋದು ಇವರಿಗೆ ಆಗ್ಲೇ ಬರುತ್ತೆ ಸಾರ್. ಅದನ್ನ ನಾನ್ಯಾಕೆ ಕಲಿಸ್ಲಿ?"

ಅವರ ಮುಖ ಕೆಂಪಾಯಿತು. "ಹಾಗಾದ್ರೆ ನಾಳೆಯಿಂದ ಗಣಿತಾನೇ" ಎಂದು ಚೆಂಡಿನ ಸಮೇತ ಬಾಗಿಲ ಕಡೆ ತಿರುಗಿದರು.

"ಸಾರ್, ನಂಗೆ ಕೊಡಿ."

ಪಿಸುಪಿಸು ಗೋಡೆ ಬಿಟ್ಟು ಮುಂದೆ ಬಂದು ಎರಡೂ ಕೈ ಚಾಚಿ ನಿಂತಿದ್ದಳು.

"ಏನಂದೆ?"

"ಚೆಂಡು. ನಂಗೆ ಕೊಡಿ." ಈ ಸಲ ಗಣಿತದ ಕ್ಲಾಸಿಗೂ ಕೇಳಿಸಿರಬೇಕು.

ನಿಯಮ ಅಂದ ಮೇಲೆ ಎಲ್ಲರಿಗೂ ನಿಯಮವೇ. ಮಕ್ಕಳು ಶುರುಹಚ್ಚಿಕೊಂಡರು. "ಒಂದು... ಎರಡು..." ಹೆಡ್‌ಮಾಸ್ಟರ್ ನನ್ನ ಮುಖ ನೋಡಿದರು. ನಾನೂ ಎಣಿಸುತ್ತಿದ್ದೆ. "ಮೂರು..." ಅವರು ಚೆಂಡನ್ನು ಕಂಕುಳಿಂದ ಕೈಗೆ ತೆಗೆದುಕೊಂಡರು. "ನಾಲ್ಕು" ಅನ್ನುವಾಗ ಚೆಂಡು ಅವರ ಕೈಬಿಟ್ಟಿತು. ಎಸೆತವೇನೂ ನೆಟ್ಟಗಿರಲಿಲ್ಲ. ಪಿಸುಪಿಸು ಹಾರಿ ಹಿಡಿದಳು.

"ಕಿಟಕಿನಾದ್ರೂ ಮುಚ್ಕೊಂಡು ಆಡ್ಸಿ" ಎಂದರು, ಬಾಗಿಲು ದಾಟುತ್ತ.

"ಸೆಕೆ ಆಗುತ್ತೆ ಸಾರ್" ಎಂದೆ. ಮುಚ್ಚಿದ್ದ ಇನ್ನೊಂದು ಕಿಟಕಿಯನ್ನೂ ತೆಗೆದೆ.