ಗೋಡೆಗೆ ಒರಗಿದ ಬಾಗಿಲು

ನಾನು ಬಾಗಿಲೇ ಹೌದೋ, ಇಲ್ಲ ಬರೀ ಹಲಗೆಯೋ? ಈ ಅನುಮಾನ ನನ್ನನ್ನು ಬಿಟ್ಟಿಲ್ಲ. ಬಾಗಿಲು ತೆರೆದರೆ ಒಂದು ಮನೆ ಕಾಣಬೇಕು. ನನ್ನ ಹಿಂದೆ ಇರುವುದು ಬಾಡಿಗೆ ಮನೆಯ ಗೋಡೆ.

ನಾನು ದಾಂಡೇಲಿಯ ಸಾಗುವಾನಿ. ಹುಬ್ಬಳ್ಳಿಯ ಬಡಿಗೇರ ಮೌನೇಶಪ್ಪ ನನ್ನನ್ನು ಕೊಯ್ದು, ತೀಡಿ, ನಡುವೆ ಒಂದು ಕಮಲ ಕೆತ್ತಿದ. ಮಾಡಿಸಿದವನು ಗುರುಪಾದ, ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬೈಪಾಸ್ ಪಕ್ಕ ಏಳುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ಸಾಲ ಮಾಡಿ ಒಂದು ಮನೆ ಕೊಂಡಿದ್ದ. ಮನೆ ಕೈಗೆ ಬರುವವರೆಗೆ ಕಂತನ್ನು ಬಿಲ್ಡರೇ ಕಟ್ಟುವುದೆಂದು ಮಾತಾಗಿತ್ತು. ಆ ಮಾತನ್ನೇ ನಂಬಿ ಧೈರ್ಯ ಮಾಡಿದ್ದ. ಬಾಡಿಗೆ, ಕಂತು ಎರಡನ್ನೂ ತಾಳುವ ಸಂಬಳ ಅವನದಲ್ಲ.

ಕಟ್ಟಡದ ಕೆಲಸ ಕುಂಟುತ್ತಿತ್ತು. ನೀರಿಲ್ಲ, ಕರೆಂಟಿಲ್ಲ. ಅಷ್ಟರಲ್ಲಿ ಗುರುಪಾದನ ತಾಯಿ ಶಿವಗಂಗವ್ವ ಹಟ ಹಿಡಿದಳು.

"ಆಷಾಢ ಬಂತಂದ್ರ ಮತ್ತ ಮುಹೂರ್ತ ಇಲ್ಲಂತ ಅಯ್ಯನೋರು ಹೇಳ್ಯಾರ. ಹಾಲರ ಉಕ್ಕಿಸೋಣು ತಮ್ಮಾ, ಇರೂದು ಆಮ್ಯಾಲೆ."

"ಗ್ವಾಡಿಗೆ ಸಿಮೆಂಟಿನ ಗಿಲಾವ್ ಸೈತ ಆಗಿಲ್ಲವ್ವಾ."

"ಹಾಲು ಉಕ್ಕಾಕ ಗಿಲಾವ್ ಯಾಕ ಬೇಕೋ ಖೋಡಿ?"

ಅವಸರದಲ್ಲಿ ನನ್ನನ್ನು ಚೌಕಟ್ಟಿಗೆ ಕೂರಿಸಿದರು. ಅರಿಸಿನ ಕುಂಕುಮ ಹಚ್ಚಿ, ಮಾವಿನ ತೋರಣ ಕಟ್ಟಿದರು. ಇಟ್ಟಿಗೆ ಒಲೆಯ ಮೇಲೆ ಹಾಲು ಉಕ್ಕಿತು. ಬಿಲ್ಡರ್ ಪುಕ್ಕಟೆಯಾಗಿ ಫೋಟೋದವನನ್ನು ಕಳಿಸಿದ್ದ. ಶಿವಗಂಗವ್ವ ನನ್ನ ಚಿಲಕ ಹಿಡಿದು ನಿಂತು ನಕ್ಕಳು. ಸಂಜೆ ನನಗೆ ಬೀಗ ಹಾಕಿ ಎಲ್ಲರೂ ಬಾಡಿಗೆ ಮನೆಗೆ ಮರಳಿದರು.

ಕೆಲವೇ ದಿನಗಳಲ್ಲಿ ಸಾಲದ ಕಂಪನಿಯಿಂದ ಫೋನ್ ಬಂತು: ಇನ್ನು ಕಂತು ನೀವೇ ಕಟ್ಟಬೇಕು. ಆಮೇಲೆ ಕೆಲಸವೂ ನಿಂತಿತು, ಬಿಲ್ಡರ್ ಕಾಣದಾದ. ಮನೆ ಕೊಂಡವರೆಲ್ಲ ಸಿಟ್ಟಿಗೆದ್ದರು. ಗುರುಪಾದ ನನ್ನನ್ನು ಕಳಚಿ, ಜೊತೆಯವರೊಂದಿಗೆ ಹೊತ್ತುಕೊಂಡು ಹೋಗಿ ಸಾಲ ಕೊಟ್ಟ ಕಂಪನಿಯ ಮುಂದೆ ನಿಲ್ಲಿಸಿದ. ಮೊಣಕಾಲು ನೋವಿನ ತಾಯಿ ಮನೆಯಲ್ಲೇ ಉಳಿದಿದ್ದಳು. ಕಂಪನಿಯ ಗಾಜಿನ ಬಾಗಿಲು ಮುಚ್ಚಿತ್ತು. ಜನ ನನ್ನನ್ನೇ ಗುದ್ದಿ ಗುದ್ದಿ ಕೂಗಿದರು.

ಕೊನೆಗೆ ಮ್ಯಾನೇಜರ್ ಹೊರಗೆ ಬಂದ. "ನಿಮ್ಮ ಸಾಲ ಈಗ ನಮ್ಮ ಕೈಯಾಗ ಇಲ್ರಿ. ನೂರಾರು ಮನಿ ಸಾಲ ಕೂಡಿಸಿ, ಒಂದ ಗಂಟು ಕಟ್ಟಿ, ಮುಂಬೈ ಕಡೆ ಮಾರಿ ಆಗೇತಿ. ನಾವು ಕಂತು ಎತ್ತಿ ಕಳಸೋರಷ್ಟ."

"ಯಾರಿಗೆ ಮಾರೀರಿ?"

"ಒಬ್ರಿಗಲ್ರಿ. ಎಲ್ಲೆಲ್ಲೋ ಹಂಚಿ ಹೋಗೇತಿ."

ರೊಟ್ಟಿ ಮಾಡಿ ಮಾರುವ ಕಾಶವ್ವ ಮುಂದೆ ನುಗ್ಗಿದಳು. "ನಾವೇನ್ ಮೆಂತೆ ಪಲ್ಲೇನೋ, ಸಿವುಡು ಕಟ್ಟಿ ಮಾರಾಕ?"

ಜನ ನಕ್ಕರು. ಬೈಯಲು ಒಂದು ಮುಖವೂ ಸಿಗದವರ ನಗು ಅದು.

ಗುರುಪಾದ ಮೆಲ್ಲಗೆ ಕೇಳಿದ: "ಮನಿ ಕೈಗೆ ಬರೂತನಕ ಕಂತು ಬಿಲ್ಡರಂದು ಅಂತ ಮಾತಿತ್ತಲ್ರಿ?"

ಮ್ಯಾನೇಜರ್ ಅವನೊಬ್ಬನನ್ನು ಪಕ್ಕಕ್ಕೆ, ನನ್ನ ಮರೆಗೆ ಕರೆದು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. "ಇವರು ನಿಮ್ಮ ತಾಯಿಯಲ್ಲೇನ್ರಿ? ಗೃಹಪ್ರವೇಶ ಆತಂದ್ರ ಮನಿ ಕೈಗೆ ಬಂದಂಗಲ್ಲೇನು? ಇದನ್ನ ತೋರಿಸಿ ಬಿಲ್ಡರ್ ಕೈ ತೊಳಕೊಂಡಾನ. ನಿಮ್ಮ ಸಾಲ ಖರೀದಿ ಮಾಡಿದವ್ರು ಅದನ್ನ ಹಿಡದು ಕುಂತಾರ."

ಫೋಟೋದಲ್ಲಿ ನಾನೂ ಇದ್ದೆ, ಕುಂಕುಮ ಹಚ್ಚಿಕೊಂಡು. ಇಲ್ಲದ ಮನೆಗೆ ಸಾಕ್ಷಿಯಾಗಿ.

ಕಂತು ತಪ್ಪಿತು. ಗಿಲಾವಿಲ್ಲದ ಆ ಗೋಡೆಗಳನ್ನೂ ಹರಾಜು ಹಾಕಿದರು. ಉಳಿದವನು ನಾನು. ಬಾಡಿಗೆ ಮನೆಯ ಮೂಲೆಯಲ್ಲಿ ಒರಗಿದ್ದೇನೆ. ನನ್ನ ಮೇಲೆ ಅಂಗಿ, ಟವೆಲ್ಲು ನೇತು ಹಾಕುತ್ತಾರೆ. ನನಗೆ ಹುಳ ಹಿಡಿಯುತ್ತಿದೆ. ಮರ ಕೊರೆಯುವ ಹುಳ ಎಲ್ಲಿದೆಯೆಂದಾದರೂ ನನಗೆ ಗೊತ್ತು. ಆ ಮನೆಯನ್ನು ತಿಂದವರನ್ನು ನಾನು ಇಂದಿಗೂ ಕಂಡಿಲ್ಲ.

ಶಿವಗಂಗವ್ವ ಬೆಳಿಗ್ಗೆ ನನ್ನನ್ನು ಒರೆಸಿ, ಬಿಲ್ಡರನ ವಂಶವನ್ನೆಲ್ಲ ಬೈದು, ಮಗನ ಕಡೆ ತಿರುಗುತ್ತಾಳೆ. "ನಾ ಹಟ ಹಿಡದದ್ದು ಚಲೋ ಆತು ನೋಡು ತಮ್ಮಾ. ಒಂದಿನರ ನಮ್ಮ ಮನ್ಯಾಗ ಹಾಲು ಉಕ್ಕಿತು. ಅದನ್ನ ಯಾರೂ ಹರಾಜ ಹಾಕಾಕ ಆಗೂದಿಲ್ಲ."

ಗುರುಪಾದ ಚಹಾ ಕುಡಿದು ಡಿಪೋಗೆ ಹೊರಡುತ್ತಾನೆ. ಆ ಹಾಲಿನಿಂದಲೇ ಮನೆ ಹೋಯಿತೆಂದು ಅವನು ತಾಯಿಗೆ ಒಮ್ಮೆಯೂ ಹೇಳಿಲ್ಲ.