ಮೂರನೆಯ ಹೊನ್ನವ್ವ

“ಇದು ನಮ್ಮವ್ವ ಅಲ್ರಿ, ಮಾಸ್ತರ.”

ಕಸ್ತೂರೆವ್ವ ಹೇಳಿದ್ದು ಮೆಲ್ಲಗೆ. ಆದರೂ ಶ್ರೀಶೈಲಪ್ಪ ಮಾಸ್ತರರಿಗೆ ಇಡೀ ಶಾಮಿಯಾನವೇ ತಮ್ಮ ಕಡೆ ತಿರುಗಿದಂತೆನಿಸಿತು. ಹೊಸ ಕಟ್ಟಡದ ಬಾಗಿಲ ಮೇಲೆ ‘ಹೊನ್ನವ್ವ ಸಮುದಾಯ ಭವನ’ ಎಂಬ ಹಳದಿ ಅಕ್ಷರಗಳು. ಅದರ ಮುಂದಿನ ವೇದಿಕೆಯಲ್ಲಿ ಮಾಲೆ ಹಾಕಿದ ದೊಡ್ಡ ಫೋಟೋ. ಮೂಗಿನಲ್ಲಿ ನತ್ತು, ಕೊರಳ ತುಂಬ ಬಂಗಾರದ ಟೀಕಿ ಸರ ಹಾಕಿಕೊಂಡು ಕುಳಿತವಳು ಗೌಡರ ಮನೆಯ ಹೊನ್ನವ್ವ. ಕಸ್ತೂರೆವ್ವನ ತಾಯಿ ಸೂಲಗಿತ್ತಿ ಹೊನ್ನವ್ವ ಇರುವತನಕ ಟೀಕಿ ಸರ ಕೈಯಲ್ಲಿ ಹಿಡಿದು ನೋಡಿದವಳಲ್ಲ.

ಆ ಊರಲ್ಲಿ ಹೊನ್ನವ್ವಂದಿರಿಗೇನೂ ಬರವಿಲ್ಲ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ರೂಢಿ, ಓಣಿಗೆ ಇಬ್ಬರಾದರೂ ಸಿಗುತ್ತಾರೆ. ಆದರೆ ಊರು ನೆನೆಯುವವರು ಮೂವರೇ. ಯಾವುದೋ ಕಾಲದಲ್ಲಿ ಊರ ಮುಂದಿನ ಮೆಟ್ಟಿಲ ಬಾವಿ ತೋಡಿಸಿದವಳು ಒಬ್ಬಳು. ದೊಡ್ಡ ಬರದಲ್ಲಿ ಹಗೇವು ತೆಗೆಸಿ, ನೆಲದೊಳಗಿನ ಜೋಳವನ್ನೆಲ್ಲ ಹಸಿದವರಿಗೆ ಕೊಟ್ಟ ಗೌಡರ ಹೊನ್ನವ್ವ ಇನ್ನೊಬ್ಬಳು. ಅದರಲ್ಲಿ ಸುಳ್ಳಿಲ್ಲ, ಪುಣ್ಯಾತ್ಗಿತ್ತಿಯೇ. ಮೂರನೆಯವಳು ಕುರುಬರ ಓಣಿಯ ಈ ಸೂಲಗಿತ್ತಿ. ಮಸೂತಿ, ಮುಳವಾಡದಂಥ ಊರುಗಳವರೂ ಚಕ್ಕಡಿ ಕಟ್ಟಿಕೊಂಡು ಬಂದು ಅವಳನ್ನು ಕರೆದೊಯ್ಯುತ್ತಿದ್ದರು. ಕಾಲು ಮುಂದಾಗಿ ಬಂದ ಒಂದು ಕೂಸನ್ನು, ಅದರ ತಾಯಿಯನ್ನು, ಇಬ್ಬರನ್ನೂ ಉಳಿಸಿಕೊಟ್ಟಿದ್ದಳು. ಆ ಕೂಸೇ ಇವತ್ತಿನ ಮುಖ್ಯ ಭಾಷಣಕಾರ ಶ್ರೀಶೈಲಪ್ಪ ಮಾಸ್ತರ.

ಭವನಕ್ಕೆ ಸೂಲಗಿತ್ತಿಯ ಹೆಸರೇ ಆಗಬೇಕೆಂದು ಊರ ಸಭೆಯಲ್ಲಿ ಹಟ ಹಿಡಿದವರೂ ಅವರೇ. ಅಂದೇ ಕಸ್ತೂರೆವ್ವನ ಮನೆಗೆ ಹೋಗಿ ಸುದ್ದಿ ಹೇಳಿ ಚಹಾ ಕುಡಿದು ಬಂದಿದ್ದರು. ಆಮೇಲೆ ಗೌಡರ ಹೊನ್ನವ್ವನ ಮೊಮ್ಮಗ ಅನಿಲ ರಸ್ತೆ ಪಕ್ಕದ ಜಾಗ ಬಿಟ್ಟುಕೊಡುತ್ತೇನೆಂದು ಬಂದ. ಕಾಲು ಮುಟ್ಟಿ ನಮಸ್ಕರಿಸಿ, “ಹೆಸರು ಅದ ಇರ್ಲಿ ಸರ. ಫೋಟೋ ಅಷ್ಟ ನಮ್ಮ ಆಯೀದು ಇಡೂಣು” ಎಂದ. ಮಾಸ್ತರರು ಹೂಂ ಅಂದರು. ಅಷ್ಟೇ. ಜಾಗವೇ ಇಲ್ಲದೆ ಭವನ ಎಲ್ಲಿಂದ ಬರಬೇಕು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಅನಿಲ ತಮ್ಮ ಪೈಕಿಯವನು, ಅವನನ್ನು ಎದುರು ಹಾಕಿಕೊಳ್ಳುವ ಧೈರ್ಯ ತಮಗಿಲ್ಲ ಎಂಬುದನ್ನು ಮಾತ್ರ ಹೇಳಿಕೊಳ್ಳಲಿಲ್ಲ. ಕಸ್ತೂರೆವ್ವನಿಗೆ ನಾಳೆ ತಿಳಿಸಿದರಾಯಿತು ಅಂದುಕೊಂಡರು. ಆ ನಾಳೆ ಬರಲೇ ಇಲ್ಲ.

“ಫೋಟೋದಾಂವ ತಪ್ಪ ಮಾಡ್ಯಾನೇನ್ರಿ?” ಕಸ್ತೂರೆವ್ವ ಕೇಳಿದಳು.

ಈಗಲಾದರೂ ಹೇಳಬಹುದಿತ್ತು. “ಹೌದವಾ... ಎಲ್ಲೋ ಅದಲಬದಲ ಆದಂಗೈತಿ” ಎಂದುಬಿಟ್ಟರು. 

ಅವಳು ನಕ್ಕಳು. “ಅವ್ನ ಹೆಣಾ ಎತ್ಲಿ! ಇರ್ಲಿ ಬಿಡ್ರಿ. ಈಕೀನೂ ಹಿರ್ಯಾಕಿ. ಈಕಿ ಹಡದಾಗೂ ಎಣ್ಣಿ-ನೀರು ಹಾಕಿದಾಕಿ ನಮ್ಮವ್ವನ. ಫೋಟೋ ನಾಳಿ ಬದ್ಲಿ ಮಾಡ್ಸೂಣು. ಮಾತಿನ್ಯಾಗ ನಮ್ಮವ್ವನ ಬಗ್ಗೆ ಚೆಂದಗ ಹೇಳ್ರಿ, ಸಾಕು. ಸುಜಾತಾನ ಅತ್ತಿ ಮನಿಯಾವ್ರು ನಾಲತವಾಡದಿಂದ ಬಂದಾರ. ಸೂಲಗಿತ್ತಿ ಮೊಮ್ಮಗಳು ಅಂತ ನನ್ನ ಮಗಳ್ನ ಕೀಳ ಮಾಡಿ ಮಾತಾಡ್ತಾರ. ಅವ್ರು ಕೇಳ್ಲಿ ಅಂತನ ಕರಸೇನಿ.”

ಮೂರನೆಯ ಸಾಲಿನಲ್ಲಿ ಬೀಗರು ಕುಳಿತಿದ್ದರು. ಸುಜಾತಾ ಸೆರಗು ಸರಿಮಾಡಿಕೊಂಡು ಮಾಸ್ತರರಿಗೆ ಕೈಮುಗಿದಳು.

ಮೈಕಿನ ಮುಂದೆ ಮಾಸ್ತರರು ಬಾವಿಯ ಹೊನ್ನವ್ವನ ಬಗ್ಗೆ ಮಾತಾಡಿದರು. ಬರದ ಹೊನ್ನವ್ವನ ಬಗ್ಗೆ ಇನ್ನೂ ಹೆಚ್ಚು ಮಾತಾಡಿದರು. ಚಪ್ಪಾಳೆ ಬಿತ್ತು. “ಇನ್ನು ಮೂರನೆಯ ಹೊನ್ನವ್ವ...” ಎಂದಾಗ ಕಸ್ತೂರೆವ್ವ ಮಗಳ ರಟ್ಟೆ ಹಿಡಿದು ಮುಂದಕ್ಕೆ ಬಾಗಿದಳು. ಮುಂದಿನ ಕುರ್ಚಿಯಲ್ಲಿದ್ದ ಅನಿಲ ಮೊಬೈಲಿನಿಂದ ತಲೆ ಎತ್ತಿದ. ಅವನು ಕಣ್ಣು ಕೆಂಪು ಮಾಡಲಿಲ್ಲ, ಸನ್ನೆ ಮಾಡಲಿಲ್ಲ, ಸುಮ್ಮನೆ ನೋಡಿದ.

“ಹೇಳುವುದು ಬಹಳಷ್ಟಿದೆ. ಸಮಯದ ಅಭಾವದಿಂದ ಇಲ್ಲಿಗೇ ಮುಗಿಸುತ್ತೇನೆ” ಎಂದರು ಮಾಸ್ತರರು.

ಯಾರೂ ಅವರಿಗೆ ಸಾಕು ಎಂದಿರಲಿಲ್ಲ. ಅವರ ನಂತರ ಮಾತಾಡುವವರೂ ಇರಲಿಲ್ಲ. ಕುರ್ಚಿಗೆ ಮರಳಿದಾಗ ಥೂ ಎಂದು ತಮ್ಮ ಮುಖಕ್ಕೆ ತಾವೇ ಉಗಿದುಕೊಳ್ಳಬೇಕೆನಿಸಿತು.

ಊಟದ ಹೊತ್ತಿಗೆ ಕಸ್ತೂರೆವ್ವನ ಕಣ್ಣಿಗೆ ಬೀಳಬಾರದೆಂದು ಕಡೆಯ ಪಂಕ್ತಿಯ ತುದಿಯಲ್ಲಿ ಕುಳಿತರು. ಅವಳು ಹುಡುಕಿಕೊಂಡೇ ಬಂದಳು. ಬೈಯಲಿ, ನಾಲ್ಕು ಮಂದಿಯ ಮುಂದೆ ಬೈಯಲಿ, ತಲೆ ತಗ್ಗಿಸಿ ಕೇಳಿಬಿಡೋಣ ಎಂದು ಮಾಸ್ತರರು ಮನಸ್ಸು ಗಟ್ಟಿ ಮಾಡಿಕೊಂಡರು.

“ಹೊತ್ತಾತು ಅಂತ ನಿಮ್ಮನ್ನ ಕುಂದರ್ಸಿಬಿಟ್ರಲ್ರಿ!” ಎಂದಳು ಕಸ್ತೂರೆವ್ವ. ಅವಳ ಕಣ್ಣು ತುಂಬಿತ್ತು. “ನಮ್ಮವ್ವನ ಮಾತು ನಿಮ್ಮ ಬಾಯಿತನಕ ಬಂದಿತ್ತು, ನಾ ನೋಡೇನಿ. ನೀವು ಮನಸಿಗೆ ಹಚ್ಕೋಬ್ಯಾಡ್ರಿ. ಬೀಗರು ಸಂಜಿ ಬಸ್ಸಿಗೆ ಹೋಗ್ತಾರ. ಉಂಡು ನಮ್ಮ ಮನಿಗೆ ಬರ್ರಿ, ಅವ್ರ ಮುಂದ ಹೇಳ್ರಿ. ಅಲ್ಲಿ ನಿಮಗ ಸಾಕು ಅನ್ನಾವ್ರು ಯಾರೂ ಇಲ್ಲ.”

ಮಾಸ್ತರರು ಮುಂದಿನ ಎಲೆಯನ್ನು ನೇರ ಮಾಡಿಕೊಂಡರು.

“ಏ ತಮ್ಮಾ,” ಅವಳು ಬಡಿಸುವವನನ್ನು ಕೂಗಿದಳು, “ಮಾಸ್ತರ ಎಲಿಗೆ ಹುಗ್ಗಿ ಹಾಕ. ತುಪ್ಪಾನೂ ಸುರಿ.”

ಹುಗ್ಗಿ ಬಿದ್ದ ಮೇಲೆ, ತುಪ್ಪ ಬೇಡವೆಂದು ಮಾಸ್ತರರು ಎಲೆಗೆ ಕೈ ಅಡ್ಡ ಹಿಡಿದರು. ಬಿಸಿ ತುಪ್ಪ ಕೈಯ ಮೇಲೆ ಬಿದ್ದು, ಬೆರಳ ಸಂದಿನಿಂದ ಹುಗ್ಗಿಯೊಳಗೆ ಇಳಿಯಿತು. ಅವರು ಕೈ ತೆಗೆಯಲಿಲ್ಲ.