ಕಲ್ಲಿನ ಪಾಲು

ಆ ಭಾನುವಾರ ಬೆಳಗ್ಗೆ ಹೈದರಾಬಾದಿನ ಮೇಲೆ ಮೋಡ ನೀರು ತುಂಬಿಕೊಂಡು, ಎಲ್ಲಿ ಇಳಿಸಬೇಕೆಂದು ತಿಳಿಯದೆ ಸುಮ್ಮನೆ ನಿಂತಿತ್ತು. ಗಾಳಿಯ ಸುಳಿವಿಲ್ಲ. ಕೋಠಿ ನಿಲ್ದಾಣದ ಬಸ್ಸುಗಳ ಹೊಗೆ ಕೂಡ ಮೇಲೇರಲಾರದೆ ಬಸ್ಸಿನ ಬೆನ್ನಿಗೇ ಅಂಟಿಕೊಂಡು ಹೊರಟಿತ್ತು. ಇಂಥ ಹೊತ್ತಿನಲ್ಲಿ, ಹಣೆಯ ವಿಭೂತಿ ಇನ್ನೂ ಆರುವ ಮುಂಚೆಯೇ, ವಸ್ತುಸಂಗ್ರಹಾಲಯದ ಕಾವಲುಗಾರ ಅಮರಯ್ಯ ಒಂದು ಸಣ್ಣ ಪಾಪ ಮಾಡಿದ.

ಒಂಬತ್ತನೇ ಕೋಣೆಯ ಗೋಡೆಯಲ್ಲಿ ಮೊಳೆಗೆ ತೂಗುಹಾಕಿದ್ದ ಹಲಗೆಯೊಂದನ್ನು ತೆಗೆದು ಕುರ್ಚಿಯ ದಿಂಬಿನ ಕೆಳಗಿಟ್ಟ. ಶಿವನೇ ಎಂದು ಅದರ ಮೇಲೆ ಕೂತ. ಹಲಗೆಯ ಮೇಲೊಂದು ಬಾಣದ ಗುರುತು. ಅದರ ಕೆಳಗೆ ತೆಲುಗು, ಉರ್ದು, ಇಂಗ್ಲಿಷಿನಲ್ಲಿ ಒಂದೇ ಮಾತು: ಶೌಚಾಲಯ.

ಕಾರಣವಿತ್ತು. ಬಸವಕಲ್ಯಾಣದ ಕಡೆಯಿಂದ ಬಂದ ಅಮರಯ್ಯ ಇಪ್ಪತ್ತೆರಡು ವರ್ಷದಿಂದ ಈ ಕೋಣೆಯನ್ನು ಕಾಯುತ್ತಿದ್ದ. ಬೀಸುವ ಕಲ್ಲು, ಒರಳು, ಕಡೆಗೋಲು, ಮರದ ತೊಟ್ಟಿಲು, ಇಷ್ಟೇ ಅಲ್ಲಿನ ಆಸ್ತಿ. ದಿನಾ ಬೆಳಗ್ಗೆ ಒದ್ದೆ ಬಟ್ಟೆಯಿಂದ ಕಲ್ಲನ್ನು ಒರೆಸಿ, ಅನ್ನ ಕೊಟ್ಟದ್ದಲ್ಲವೇ ಎಂದು ಕೈಮುಗಿದು ಕೂರುವುದು ಅವನ ಪದ್ಧತಿ. ಜನ ಮಾತ್ರ ಕೈಮುಗಿಯುವುದಿರಲಿ, ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಶೌಚಾಲಯಕ್ಕೆ ಈ ಕೋಣೆಯನ್ನು ಹಾದೇ ಹೋಗಬೇಕಾದ್ದರಿಂದ ಹಾದು ಹೋಗುತ್ತಿದ್ದರು, ಅಷ್ಟೆ.

ಶುಕ್ರವಾರ ಭಾಗ್ಯಶ್ರೀ ಬಂದಿದ್ದಳು. ಮೂಲ ಕಲಬುರಗಿ, ತಂದೆ ಬಾಲಾನಗರದ ಕಾರ್ಖಾನೆಯೊಂದರಲ್ಲಿ ನೌಕರ. ಜನ ಯಾವ ವಸ್ತುವಿನ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ, ನಿಂತು ಏನು ಕಲಿಯುತ್ತಾರೆ ಎಂದು ಅಳೆಯುವುದು ಅವಳ ಕೆಲಸ. ಕೊರಳಲ್ಲಿ ನಿಮಿಷ ಎಣಿಸುವ ಗಡಿಯಾರ, ಕೈಯಲ್ಲಿ ಕಾಗದದ ಕಟ್ಟು. ಅಮರಯ್ಯನ ಕನ್ನಡ ಕೇಳಿದ್ದೇ ‘ಕಾಕಾ’ ಎಂದು ಕರೆದು, ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಳು.

“ಮೂರು ದಿನದ ಸರಾಸರಿ ಎರಡು ನಿಮಿಷ ಮುಟ್ಟಲಿಲ್ಲಂದ್ರ ಈ ಕೋಣಿ ತಗೀತಾರ ಕಾಕಾ. ಇಲ್ಲಿ ಕನ್ನಡಿ ಹಾಕತಾರಂತ, ಫೋಟೋ ತಕ್ಕೊಳ್ಳಾಕ.”

“ಮತ್ತ ಕಲ್ಲು?”

“ಗೋದಾಮಿಗೆ.”

“ನಾನು?”

“ಚಪ್ಪಲಿ ಸ್ಟ್ಯಾಂಡಿಗಂತ.”

ಎರಡು ದಿನದ ಸರಾಸರಿ ಮೂವತ್ತೆಂಟು ಸೆಕೆಂಡು ಬಂತು. ಅದಕ್ಕೇ ಮೂರನೇ ದಿನ ಹಲಗೆ ದಿಂಬಿನ ಕೆಳಗೆ ಸೇರಿತು.

ಫಲ ಕೂಡಲೇ ಕಂಡಿತು. ಔಷಧದ ಅಂಗಡಿಯ ಗುಮಾಸ್ತನೊಬ್ಬ ಅವಸರದಿಂದ ಬಂದು ಕೋಣೆಯ ನಡುವೆ ಗಕ್ಕನೆ ನಿಂತ. ಒರಳಿನ ಹಿಂದೆ ಇಣುಕಿದ. ತೊಟ್ಟಿಲನ್ನು ಮೂರು ಸುತ್ತು ಸುತ್ತಿದ. ಭಾಗ್ಯಶ್ರೀ ಕಂಬದ ಮರೆಯಲ್ಲಿ ನಿಂತು ಭಕ್ತಿಯಿಂದ ಬರೆದುಕೊಂಡಳು: ‘ಪ್ರತಿ ವಸ್ತುವನ್ನೂ ಎಲ್ಲ ದಿಕ್ಕಿನಿಂದ ನೋಡಿದರು. ಮುಖದಲ್ಲಿ ತೀವ್ರ ಹುಡುಕಾಟ. ನಾಲ್ಕು ನಿಮಿಷ ಹತ್ತು ಸೆಕೆಂಡು.’

ಹೊರಬಾಗಿಲಲ್ಲಿ ಅವನನ್ನು ತಡೆದು, ಈ ಕೋಣೆಯಿಂದ ಏನು ತಿಳಿಯಿತು ಎಂದು ತೆಲುಗಿನಲ್ಲಿ ಕೇಳಿದಳು.

“ಇಲ್ಲಿ ಇಲ್ಲ ಅಂತ ತಿಳಿಯಿತು,” ಎಂದು ಅವನು ಓಡಿದ.

ಮಧ್ಯಾಹ್ನದೊಳಗೆ ಒಬ್ಬರಿಗೊಂದರಂತೆ ಹನ್ನೊಂದು ಕಾಗದ ತುಂಬಿದವು. ಅಮರಯ್ಯ ಆಗಾಗ ಎದ್ದು ಬೀಸುವ ಕಲ್ಲಿಗೆ ಕಣ್ಣಲ್ಲೇ ಕ್ಷಮೆ ಕೇಳಿ ಮತ್ತೆ ಕೂರುತ್ತಿದ್ದ. ದಿಂಬು ಇದ್ದರೂ ಹಲಗೆಯ ಅಂಚು ಚುಚ್ಚುತ್ತಿತ್ತು.

ಆಗ ಬಂಡೆಮ್ಮ ಬಂದಳು, ಹಿಂದೆ ಅವಳ ತಮ್ಮ ಮಲ್ಲು. ಇಬ್ಬರೂ ಯಾದಗಿರಿ ಕಡೆಯವರು, ಬಾಲಾನಗರದಲ್ಲಿ ಕಟ್ಟಡದ ಕೆಲಸ. ರಜೆಯೆಂದು ಸುಲ್ತಾನ್ ಬಜಾರಿಗೆ ಬಂದು ಒಂದು ಟಾವೆಲು, ಒಂದು ಸೇರು ಪುಟಾಣಿ ಕೊಂಡಿದ್ದರು. ಮೀಸೆಯ ಮಲ್ಲು ಟಿಕೆಟು ಕೊಂಡದ್ದು ಇತಿಹಾಸಕ್ಕಲ್ಲ, ಅವಸರಕ್ಕೆ.

“ಯಕ್ಕಾ, ಕೆಳಗಿನಂವ ಮ್ಯಾಲ ಐತಿ ಅಂದ. ಇಲ್ಲಿ ಎಲ್ಲೈತಿ?”

ಬಂಡೆಮ್ಮ ಕೇಳಿಸಿಕೊಳ್ಳಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಬೀಸುವ ಕಲ್ಲನ್ನು ನೋಡುತ್ತಿದ್ದಳು.

“ಇದನ್ನ ಇಲ್ಲಿ ಇಟ್ಟಂವ ಯಾರ್ರಿ?”

“ಯಾಕ ಯವ್ವಾ?” ಎಂದ ಅಮರಯ್ಯ.

“ಗೋಡೀಗೆ ಹಚ್ಚಿ ಇಟ್ಟೀರಲ್ಲ, ಬೀಸಾಕಿ ಕಾಲು ಎಲ್ಲಿ ಚಾಚಬೇಕು? ಎದುರಿಗಿನಾಕಿ ಗೋಡಿಯೊಳಗ ಕೂಡಬೇಕೇನು?”

ಇಪ್ಪತ್ತೆರಡು ವರ್ಷ ಒರೆಸಿದ ಅಮರಯ್ಯನಿಗೆ ಇದು ಹೊಳೆದಿರಲಿಲ್ಲ. ಅವನ ಊರಲ್ಲಿ ಬೀಸುವುದು ತಾಯಿ ಮತ್ತು ಅಕ್ಕ. ಅವನದು ರೊಟ್ಟಿ ತಿನ್ನುವುದು. ಅವನು ಬಾಯಿ ತೆರೆಯುವಷ್ಟರಲ್ಲಿ ಬಂಡೆಮ್ಮ, ದಿನಾ ಇಟ್ಟಿಗೆ ಹೊರುವ ಹೆಣ್ಣು, ಕಲ್ಲನ್ನು ಎಳೆದು ಕೋಣೆಯ ನಡುವೆ ತಂದಿದ್ದಳು.

“ಮುಟ್ಟಬಾರದು ಯವ್ವಾ! ಬರದು ಹಾಕೇತಿ ನೋಡ.”

“ಯಾಕ, ಕಲ್ಲಿಗೆ ನೋವಾಗ್ತೈತೇನು?”

ಅವಳು ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹೊಸ ಟಾವೆಲನ್ನು ಕೆಳಗೆ ಹಾಸಿ ಅದರ ಮೇಲೆ ಕಲ್ಲಿಟ್ಟು, ಒಂದು ಕಾಲು ಚಾಚಿ ಕೂತಳು. “ಖಾಲಿ ಕಲ್ಲು ತಿರುಗಿಸಬಾರದು. ಮಲ್ಲು, ಪುಟಾಣಿ ತಾ.”

“ಯಕ್ಕಾ, ನನಗ ಅವಸರ ಐತಿ.”

“ಎರಡು ಹಿಡಿ ಬೀಸಿ ಏಳ್ತೀನಿ. ತಡಕೊ.”

ಗರಗರ ಸದ್ದು ಎದ್ದಿತು. ಹುರಿದ ಕಡಲೆಯ ಘಮ ಕೋಣೆಯನ್ನೆಲ್ಲ ತುಂಬಿತು. ಕೈ ತಿರುಗಿದ ಮೇಲೆ ಬಾಯಿ ಸುಮ್ಮನಿರುತ್ತದೆಯೇ? ಬಂಡೆಮ್ಮ ತವರಿನ ಪದ ಎತ್ತಿದಳು. ತನ್ನ ತಮ್ಮ ಕಂಬದ ಹಾಗೆ ಅಲುಗದೆ ನಿಲ್ಲುವ ಗಂಡಸೆಂದು ಹೊಗಳುತ್ತಿದ್ದಾಗ, ತಮ್ಮ ಒಂದು ಕಾಲಿನ ಮೇಲಿಂದ ಇನ್ನೊಂದು ಕಾಲಿನ ಮೇಲೆ ಭಾರ ಹಾಕುತ್ತ ಕುಣಿಯುತ್ತಿದ್ದ.

ಜನ ಸೇರಿದರು. ಒಬ್ಬ ಅಜ್ಜಿ ಎದುರು ಕೂತು ಗೂಟಕ್ಕೆ ಕೈ ಹಾಕಿದಳು. ಕಾಲೇಜಿನ ಹುಡುಗಿಯೊಬ್ಬಳು ಬೀಸಿ ಮೂರೇ ಸುತ್ತಿಗೆ ತೋಳು ಹಿಡಿದುಕೊಂಡಳು. “ಏ ತಂಗಿ, ತೋಳಿಲೆ ಅಲ್ಲ, ಬೆನ್ನಿಲೆ ತಿರುಗಿಸ,” ಎಂದು ಬಂಡೆಮ್ಮ ಗದರಿದಳು. ಹುಡುಗಿಗೆ ಕನ್ನಡ ಬಾರದಿದ್ದರೂ ಬೆನ್ನಿಗೆ ಬಿದ್ದ ಏಟು ಅರ್ಥವಾಯಿತು. ಭಾಗ್ಯಶ್ರೀ ಕಂಬದ ಮರೆ ಬಿಟ್ಟು ಬಂದಳು. ಗಡಿಯಾರವನ್ನು ಬೆನ್ನಿಗೆ ಸರಿಸಿ, ಅಜ್ಜಿ ಎದ್ದ ಜಾಗದಲ್ಲಿ ತಾನೇ ಕೂತಳು.

ಜನ ಚದುರಿದಾಗ ಹದಿನಾಲ್ಕು ಮಂದಿಯನ್ನು ಕೇಳಿ ಬರೆದುಕೊಂಡಿದ್ದಳು. ಕೆನ್ನೆಗೆ ಹಿಟ್ಟು ಮೆತ್ತಿತ್ತು.

“ಕಾಕಾ, ಮೂರು ದಿನದ್ದು ಕೂಡಿಸಿದ್ರ ಸರಾಸರಿ ಎರಡು ನಿಮಿಷ ದಾಟೇತಿ. ಕೋಣಿ ಉಳೀತು! ಆದ್ರ ಒಂದು ತಿಳೀವಲ್ದು. ಈ ಹದಿನಾಲ್ಕು ಮಂದಿ ಎಲ್ಲಾ ಏನಾರ ಒಂದು ಕಲ್ತು ಹೋದ್ರು. ಮುಂಜಾನಿ ಹನ್ನೊಂದು ಮಂದಿ ಅಷ್ಟು ಹೊತ್ತು ಹುಡುಕಿ ಹುಡುಕಿ ನೋಡಿದ್ರು, ಆದ್ರ ಏನೂ ಕಲೀಲಿಲ್ಲ. ಯಾಕಿದ್ದೀತು?”

ಅಮರಯ್ಯ ಛಾವಣಿ ನೋಡಿದ.

ಅಷ್ಟರಲ್ಲಿ ಬಂಡೆಮ್ಮ ಕಲ್ಲನ್ನು ತುಸು ಸರಿಸಿ, ಟಾವೆಲಿನ ಹಿಟ್ಟನ್ನು ಗಂಟು ಕಟ್ಟುತ್ತ ಎದ್ದಳು. ಗಂಟು ಬಿಗಿಯುವ ಮುಂಚೆ ಒಂದು ಹಿಡಿ ತೆಗೆದು ಅಮರಯ್ಯನ ಅಂಗೈಗೆ ಹಾಕಿದಳು.

“ಏನಿದು?”

“ಕಲ್ಲಿನ ಪಾಲು. ಇನ್ನೊಬ್ಬರ ಕಲ್ಲಿನಾಗ ಬೀಸಿದ್ರ ಒಂದು ಹಿಡಿ ಅಲ್ಲೇ ಬಿಟ್ಟು ಹೋಗೂದು ನಮ್ಮೂರ ಪದ್ಧತಿ. ಮಂದಿ ಪಾಲು ಕೆಳಗಿಟ್ಟುಕೊಂಡು ಕುಂತ್ರ ದಕ್ಕೂದಿಲ್ಲರಿ.”

ಬೆಚ್ಚಗಿದ್ದ ಹಿಟ್ಟು ಅಂಗೈಯಲ್ಲಿ ಭಾರವಾಯಿತು. ಹೊರಗೆ, ಬೆಳಗ್ಗಿನಿಂದ ತಡೆದುಕೊಂಡಿದ್ದ ಮೋಡ ಒಮ್ಮೆಗೇ ಸುರಿಯತೊಡಗಿತು. ಆ ಸದ್ದು ಕೇಳಿ ಮಲ್ಲುವಿನ ಕಣ್ಣಲ್ಲಿ ನೀರು ಬಂತು.

“ಯಪ್ಪಾ, ದೇವರಾಣಿ ಕೇಳ್ತೀನಿ. ಎಲ್ಲೈತಿ ಹೇಳ್ರಿ.”

“ಎಡಕ್ಕ ಹೋಗು, ಎರಡನೇ ಬಾಗಿಲಾ,” ಎಂದ ಅಮರಯ್ಯ. ಮಲ್ಲು ಮಾಯವಾದ.

ಭಾಗ್ಯಶ್ರೀ ಬಾಗಿಲ ಕಡೆ ನೋಡಿದಳು. ಗೋಡೆ ನೋಡಿದಳು. ಅಲ್ಲಿ ಬರೀ ಮೊಳೆಯಿತ್ತು. ಹನ್ನೊಂದು ಕಾಗದಗಳನ್ನು ಒಂದೊಂದಾಗಿ ತಿರುವಿದಳು. ‘ಮುಖದಲ್ಲಿ ತೀವ್ರ ಹುಡುಕಾಟ’ ಎಂಬಲ್ಲಿಗೆ ಬಂದಾಗ ನಗು ತಡೆಯಲು ತುಟಿ ಕಚ್ಚಿದಳು. ಆಮೇಲೆ ಪೆನ್ಸಿಲು ತೆಗೆದು ಹನ್ನೊಂದಕ್ಕೂ ಅಡ್ಡಗೆರೆ ಎಳೆದಳು.

“ಹದಿನಾಲ್ಕು ಉಳೀತು ಕಾಕಾ. ಮೂರು ದಿನಕ್ಕ ಸಾಲೂದಿಲ್ಲ. ಆದ್ರ ಕಲ್ಲು ಹಿಂಗ ನಡುವಿಟ್ಟು, ಬಾಜೂಕ ಒಂದು ಡಬ್ಬಿ ಕಾಳಿಟ್ಟು, ಇನ್ನೊಂದು ವಾರ ಎಣಿಸಬೇಕಂತ ಬರೀತೀನಿ. ಒಪ್ಪತಾರೋ ಇಲ್ಲೋ, ಶಿವನಿಗೆ ಗೊತ್ತು.”

“ಅವ ಒಪ್ಪಿದ್ರ ಸಾಕವ್ವಾ,” ಎಂದ ಅಮರಯ್ಯ.

ಅವಳು ಬೇರೇನೂ ಕೇಳದೆ ಕೈ ಚಾಚಿದಳು. ಅಮರಯ್ಯ ಎದ್ದು, ಅಂಗೈಯ ಹಿಟ್ಟನ್ನು ಕಲ್ಲಿನ ಮೇಲೆ ಸುರಿದು, ದಿಂಬು ಎತ್ತಿದ. ಹಲಗೆಯನ್ನು ಅಂಗಿಯ ಚುಂಗಿನಿಂದ ಒರೆಸಿ, ಬಾಣದ ಮೇಲೆ ಐದು ಬೆರಳಿನ ಹಿಟ್ಟಿನ ಗುರುತು ಮೂಡಿದ್ದನ್ನೂ ಗಮನಿಸದೆ, ಮೆಲ್ಲಗೆ ಅವಳ ಕೈಗೆ ಕೊಟ್ಟ.